ಕೋಡಿಗಾಗಿ 89 ವರ್ಷ ಕಾದ ಹಿರಿಯೂರು ಸೀಮೆ

ಬೆಂಗಳೂರಿನಿಂದ ಚಿತ್ರದುರ್ಗದ ಕಡೆಗೆ ಹೊರಟವರಿಗೆ ಶಿರಾ ದಾಟಿದ ಮೇಲೆ ಸಿಗುವ ಸೀಮೆ ಹಿರಿಯೂರು ತಾಲ್ಲೂಕಿನದು. ಜಾಲಿ ಗಿಡ, ಕಲ್ಲುಗುಡ್ಡ, ಶೇಂಗಾ ಹೊಲ, ನಡುನಡುವೆ ಕುರಿ ಹಿಂಡು. ವರ್ಷದ ಮಳೆ 60 ಸೆಂಟಿಮೀಟರಿನ ಆಸುಪಾಸು, ಅದೂ ಬಿದ್ದರೆ ಬಿತ್ತು. ಇಂಥ ನೆಲದಲ್ಲಿ ಹಿರಿಯೂರು ಪಟ್ಟಣ ಹತ್ತಿರವಾದಂತೆ ಒಮ್ಮೆಲೇ ತೆಂಗಿನ ತೋಟಗಳು ಎದುರಾಗುತ್ತವೆ. ಆ ತೋಟಗಳ ಕಥೆಯೇ ಬಹುಮಟ್ಟಿಗೆ ಈ ತಾಲ್ಲೂಕಿನ ನೂರಿಪ್ಪತ್ತು ವರ್ಷಗಳ ಕಥೆ.

ಕಸಬಾ, ಐಮಂಗಲ, ಧರ್ಮಪುರ, ಜವಗೊಂಡನಹಳ್ಳಿ ಎಂಬ ನಾಲ್ಕು ಹೋಬಳಿಗಳ ತಾಲ್ಲೂಕು ಇದು. ಪಟ್ಟಣದ ತೇರುಮಲ್ಲೇಶ್ವರನ ರಥೋತ್ಸವಕ್ಕೆ ಸುತ್ತಿನ ಸೀಮೆಯೆಲ್ಲ ನೆರೆಯುತ್ತದೆ. ಖುಷ್ಕಿ ಹಳ್ಳಿಗಳಲ್ಲಿ ರಾಗಿ, ಶೇಂಗಾ, ಈರುಳ್ಳಿ. ಹಳ್ಳಿಗಳಿಂದ ತುಸು ದೂರದಲ್ಲಿ ಕಾಡುಗೊಲ್ಲರ ಹಟ್ಟಿಗಳು. ಮೊದಲು ಹಟ್ಟಿಯ ಸುತ್ತ ಮುಳ್ಳಿನ ಬೇಲಿ, ಒಳಗೆ ಕುರಿರೊಪ್ಪ. ದನಕರುಗಳನ್ನು ಕಾದ ವೀರ ಜುಂಜಪ್ಪನ ಕಾವ್ಯವನ್ನು ಹಾಡುವವರು ಈ ಜನವೇ. ಸುಗ್ಗಿ ಮುಗಿದ ಹೊಲದಲ್ಲಿ ಕುರಿಮಂದೆ ನಿಲ್ಲಿಸಿ ಗೊಬ್ಬರ ಮಾಡಿಸಿಕೊಂಡು, ಪ್ರತಿಯಾಗಿ ಕಾಳು ಅಳೆಯುವ ವಾಡಿಕೆ ಒಕ್ಕಲಿಗೂ ಹಟ್ಟಿಗೂ ನಡುವೆ ಇತ್ತು. ಯೂರಿಯಾ ಚೀಲದ ಬೆಲೆ ನೋಡುವ ಇಂದಿನ ರೈತರಿಗೆ ಈ ಲೆಕ್ಕ ಅಗ್ಗವಾಗಿಯೇ ಕಂಡೀತು.

ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಬಾಬಾಬುಡನ್ ಗಿರಿಯ ಮೂಡಣ ಮಗ್ಗುಲಲ್ಲಿ ಹುಟ್ಟುತ್ತವೆ. ಒಂದು ಅಯ್ಯನಕೆರೆಯನ್ನು, ಇನ್ನೊಂದು ಮದಗದ ಕೆರೆಯನ್ನು ತುಂಬಿಸಿ, ಕಡೂರು ಸೀಮೆಯಲ್ಲಿ ಕೂಡಿ ವೇದಾವತಿಯಾಗಿ ಹೊಸದುರ್ಗದ ಮೂಲಕ ಇಳಿದು ಬರುತ್ತವೆ. ಹಿರಿಯೂರಿಗೆ ಪಶ್ಚಿಮದಲ್ಲಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ಈ ನದಿ ನುಸುಳುತ್ತದೆ. ಕಣಿವೆ ಮಾರಮ್ಮನ ಗುಡಿ ಇರುವುದರಿಂದ ಅದು ಮಾರಿಕಣಿವೆ. ನದಿಗೆ ಅಡ್ಡಗಟ್ಟೆ ಹಾಕಲು ಇದಕ್ಕಿಂತ ಒಳ್ಳೆಯ ಜಾಗ ಬಯಲುಸೀಮೆಯಲ್ಲಿ ಸಿಗುವುದು ಅಪರೂಪ.

1876-78ರ ಧಾತು, ಈಶ್ವರ ಸಂವತ್ಸರಗಳ ಬರಗಾಲ ಮೈಸೂರು ಸಂಸ್ಥಾನದ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತ್ತು. ಆ ನೆನಪು ಹಸಿಯಾಗಿದ್ದಾಗಲೇ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರ ಸುಮಾರಿಗೆ ಕಟ್ಟೆಯ ಕೆಲಸ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ಆಡಳಿತ ನಡೆಸುತ್ತಿದ್ದವರು ತಾಯಿ, ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು. ಜಲಾಶಯಕ್ಕೆ ವಾಣಿವಿಲಾಸ ಸಾಗರವೆಂಬ ಹೆಸರು ಬಂದದ್ದು ಅವರಿಂದ. ಕಲ್ಲು, ಗಾರೆಯ ಈ ಕಟ್ಟೆ 1907ರ ವೇಳೆಗೆ ಮುಗಿಯಿತು. ಕನ್ನಂಬಾಡಿಯಲ್ಲಿ ಕೆಲಸ ಶುರುವಾದದ್ದು ಅದಾದ ಮೇಲೆ, 1911ರಲ್ಲಿ.

ಕಟ್ಟೆಯ ಪೂರ್ಣ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿಎಂಸಿ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಕಟ್ಟೆ ಮುಗಿದ 26 ವರ್ಷಗಳ ನಂತರ. ಎರಡನೆಯ ಸಲ 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ! ಒಂದು ಕೋಡಿಯನ್ನೂ ಕಾಣದೆ ಬದುಕಿ ಹೋದ ತಲೆಮಾರುಗಳಿವೆ. ಜಲಾನಯನ ಪ್ರದೇಶ ಐದು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚೆಂಬುದು ನಿಜ. ಆದರೆ ಗಿರಿಯ ಬುಡವನ್ನು ಬಿಟ್ಟರೆ ಉಳಿದದ್ದೆಲ್ಲ ಮಳೆ ಕಡಿಮೆಯ ಬಯಲು. ಕಾಲಕ್ರಮದಲ್ಲಿ ಮೇಲ್ಭಾಗದ ಹಳ್ಳಗಳಿಗೆ ಒಡ್ಡು, ಚೆಕ್ ಡ್ಯಾಮುಗಳು ಬಂದವು, ಕೊಳವೆಬಾವಿಗಳು ಬಂದವು. ಮೇಲಿನವರನ್ನು ದೂರುವಂತಿಲ್ಲ, ತಮ್ಮ ಹೊಲದಲ್ಲಿ ಬಿದ್ದ ನೀರನ್ನು ನಿಲ್ಲಿಸಿಕೊಳ್ಳಿರೆಂದು ಅವರಿಗೆ ಹೇಳಿದವರು ನಾವೇ ತಾನೆ?

ಕೋಡಿ ಬೀಳದಿದ್ದರೂ ನಾಲೆಗಳು ಹರಿದವು. ಎಡ-ಬಲ ನಾಲೆಗಳ ಕೆಳಗೆ ಭತ್ತ, ಕಬ್ಬು, ಆಮೇಲೆ ತೆಂಗು, ಅಡಿಕೆ. ಹಿರಿಯೂರಿನಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ತಲೆಯೆತ್ತಿತು, ಮುಂದೆ ಮುಚ್ಚಿಯೂ ಹೋಯಿತು. ಬಬ್ಬೂರು ಫಾರಂ ಸುತ್ತಿನ ರೈತರಿಗೆ ಬೀಜ, ಸಸಿ, ಸಲಹೆಯ ಠಾವಾಯಿತು. ಕಟ್ಟೆಯಲ್ಲಿ ಎಷ್ಟು ಅಡಿ ನೀರಿದೆ ಎಂಬುದು ಹಿರಿಯೂರಿನ ಚಹಾದಂಗಡಿಯಲ್ಲಿ ಕೊಬ್ಬರಿ ಧಾರಣೆಗಿಂತ ಮುಂಚೆ ಕೇಳುವ ಮಾತು.

2017ರ ವೇಳೆಗೆ ಆ ಅಡಿಗಳ ಲೆಕ್ಕ ಕೇಳಲಾಗದ ಮಟ್ಟಕ್ಕೆ ಇಳಿಯಿತು. ನೀರು ತಳ ಹಿಡಿಯಿತು. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯ ಜನರ ಕುಡಿಯುವ ನೀರಿಗೂ ಇದೇ ಕಟ್ಟೆ ಆಧಾರ. ಕುಡಿಯುವ ನೀರೆಂದ ಮೇಲೆ ನಾಲೆಯ ತೂಬು ಮುಚ್ಚಲೇಬೇಕು. ಕೊಳವೆಬಾವಿ ಕೊರೆಸಿದವರಿಗೆ ನೂರಾರು ಅಡಿ ಇಳಿದರೂ ಧೂಳೇ. ಅಪ್ಪ, ಅಜ್ಜ ನೆಟ್ಟ ತೆಂಗಿನ ಮರಗಳು ಸುಳಿ ಬಾಗಿ ಒಣಗಿ, ಬೋಳು ಕಂಬಗಳಂತೆ ನಿಂತವು. ಶೇಂಗಾ ಹೋದರೆ ಒಂದು ವರ್ಷದ ನಷ್ಟ, ತೆಂಗು ಹೋದರೆ ಒಂದು ತಲೆಮಾರಿನದು.

2019ರಲ್ಲಿ ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗದ ಮೂಲಕ ವೇದಾವತಿಗೆ ಇಳಿಯಿತು. ವಾಣಿವಿಲಾಸಕ್ಕೆಂದು ನಿಗದಿಯಾದದ್ದು 2 ಟಿಎಂಸಿ, ಮೂವತ್ತರಲ್ಲಿ ಎರಡು. ಅದರ ಮೇಲೆ ಒಳ್ಳೆಯ ಮಳೆಗಳೂ ಸೇರಿ 2022ರಲ್ಲಿ ಕೋಡಿ ಬಿತ್ತು. ನೋಡಲು ಜನ ಜಾತ್ರೆಯಂತೆ ಸೇರಿದರು. 2025ರ ಜನವರಿಯಲ್ಲಿ ಮತ್ತೆ ಕೋಡಿ. ಆದರೆ ಹಿನ್ನೀರಿನ ಕಡೆ, ಹೊಸದುರ್ಗ ತಾಲ್ಲೂಕಿನಲ್ಲಿ, ದಶಕಗಳಿಂದ ಉತ್ತು ಬಂದ ಜಮೀನುಗಳು ಮುಳುಗಿದವು. ನೀರಿನ ಮಟ್ಟ ಇಳಿಸಿರೆಂದು ಅವರ ಕೂಗು. ಒಂದು ಅಡಿಯೂ ಇಳಿಯಕೂಡದೆಂದು ಅಚ್ಚುಕಟ್ಟಿನವರ ಹಟ. ಇಬ್ಬರೂ ರೈತರೇ.

ಕೋಡಿ ಬಿದ್ದ ಧೈರ್ಯದಲ್ಲಿ ಈಗ ಅಡಿಕೆ ಸಸಿ ನಾಟಿಗೆ ಕೈಹಾಕುವವರು ಒಮ್ಮೆ ಈ ಕಟ್ಟೆಯ ಲೆಕ್ಕ ನೋಡುವುದು ಲೇಸು. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು, ಅನಂತರ ದಶಕಗಳ ಕಾಲ ಪ್ರತಿ ಬೇಸಿಗೆಯೂ ನೀರು ಬೇಡುತ್ತದೆ. ಹನಿ ನೀರಾವರಿ, ತೋಟದ ತಗ್ಗಿನಲ್ಲೊಂದು ಕೃಷಿಹೊಂಡ, ತೆಂಗಿನ ಬುಡಕ್ಕೆ ಗರಿ-ಸಿಪ್ಪೆಯ ಮುಚ್ಚಿಗೆ ಇಲ್ಲದೆ ಕೇವಲ ನಾಲೆಯನ್ನು ನಂಬಿ ಇಡೀ ಹಿಡುವಳಿಗೆ ಅಡಿಕೆ ಹಾಕುವುದು ಜೂಜೆಂದೇ ಈ ಲೇಖಕನ ಅಭಿಪ್ರಾಯ. ಕಾಲುಭಾಗವನ್ನಾದರೂ ರಾಗಿ, ತೊಗರಿಗೆ ಬಿಟ್ಟುಕೊಂಡವರು ಬರದ ವರ್ಷ ಉಣ್ಣಲು ಕಾಳು, ದನಕ್ಕೆ ಹುಲ್ಲು ಕಂಡಾರು.

ಇಷ್ಟೆಲ್ಲ ನಾಲೆ ಇರುವ ಕಡೆಯ ಮಾತು. ಅದೇ ತಾಲ್ಲೂಕಿನ ಮೂಡಣ ಅಂಚಿನಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡಿರುವ ಧರ್ಮಪುರ ಹೋಬಳಿಯಲ್ಲಿ ಪುರಾತನವಾದ ದೊಡ್ಡ ಕೆರೆಯೊಂದಿದೆ. ವೇದಾವತಿಯ ಹೆಚ್ಚುವರಿ ನೀರನ್ನಾದರೂ ಇತ್ತ ಹರಿಸಿರೆಂದು ಅಲ್ಲಿನ ರೈತರು ದಶಕಗಳ ಕಾಲ ಅರ್ಜಿ ಕೊಟ್ಟರು, ಧರಣಿ ಕೂತರು. 2022ರಲ್ಲಿ ಕೋಡಿಯ ನೀರು ಹಿರಿಯೂರನ್ನು ಹಾದು, ಚಳ್ಳಕೆರೆ ಸೀಮೆಯ ಮೂಲಕ ಹಗರಿಯೆಂಬ ಹೆಸರಿನಲ್ಲಿ ತುಂಗಭದ್ರೆಯ ದಾರಿ ಹಿಡಿಯಿತು.