ಹೊಲದಿಂದ ಕಾಣದಂತೆ ಹೋಗುವ ನೀರು

ನೀರಿಗೆ ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳುಂಟೆಂದು ಪ್ರಾಥಮಿಕ ಶಾಲೆಯ ಮಕ್ಕಳು ಕಲಿಯುತ್ತಾರೆ. ಮಂಜುಗಡ್ಡೆ, ನೀರು, ಆವಿ ಎಂದು ಒಪ್ಪಿಸಿದರೆ ಅವರ ಪಾಠ ಮುಗಿಯಿತು. ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬೆಳೆಯುವ ರೈತನಿಗೆ ಮಾತ್ರ ಈ ಮೂರನೆಯ ಸ್ಥಿತಿ ಬಾಳಿನ ಪ್ರಶ್ನೆ. ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ಬಿತ್ತಿದ ಮೇಲೆ ಅಲ್ಲಿ ಹೆಚ್ಚು ಮಳೆಯನ್ನು ನಂಬುವಂತಿಲ್ಲ. ಮಣ್ಣಿನಲ್ಲಿ ಉಳಿದ ತೇವದಲ್ಲಿಯೇ ಪೈರು ತೆನೆ ಕಟ್ಟಬೇಕು.

ಕುದಿಯುವ ಪಾತ್ರೆಯ ಮೇಲೆ ಕಾಣುವ ಬಿಳಿ ಹೊಗೆಯೇ ಆವಿ ಎಂದು ಅನೇಕರ ಭಾವನೆ. ಅದು ಆವಿಯಲ್ಲ, ತಂಪು ಗಾಳಿ ತಾಗಿ ಆವಿಯು ಮರಳಿ ಸಣ್ಣ ಹನಿಗಳಾದ ರೂಪ. ಬೆಳಗಿನ ಮಂಜೂ ಹಾಗೆಯೇ. ನಿಜವಾದ ನೀರಾವಿ ಕಣ್ಣಿಗೆ ಕಾಣದು. ಆವಿಯಾಗಲು ನೀರು ಕುದಿಯಬೇಕಾಗಿಯೂ ಇಲ್ಲ. ಹಗ್ಗದ ಮೇಲಿನ ಬಟ್ಟೆ ನೆರಳಿನಲ್ಲಿಯೂ ಆರುತ್ತದೆ. ಇದನ್ನು ಮಕ್ಕಳಿಗೆ ತೋರಿಸುವುದು ಸುಲಭ. ಬಿಸಿಲಿನಲ್ಲಿ ಹಸಿ ಮಣ್ಣಿನ ಮೇಲೆ ಗಾಜಿನ ಲೋಟ ಮಗುಚಿ, ಅಂಚಿಗೆ ಮಣ್ಣು ಒತ್ತಬೇಕು. ಸ್ವಲ್ಪ ಹೊತ್ತಿನಲ್ಲಿ ಒಳಗೆಲ್ಲ ಹನಿಗಳು ಮೂಡುತ್ತವೆ. ಮಣ್ಣಿನಿಂದ ಎದ್ದು ಗಾಳಿಯ ಪಾಲಾಗುತ್ತಿದ್ದ ನೀರು ಅದು.

ಆವಿಯಾಗಲು ಬಹಳ ಶಾಖ ಬೇಕು. 1 ಗ್ರಾಂ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು 1 ಕ್ಯಾಲೊರಿ ಸಾಕು; ಅದೇ ನೀರು ಸಾಮಾನ್ಯ ಉಷ್ಣತೆಯಲ್ಲಿ ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕಾಗುತ್ತದೆ. ಮಣ್ಣಿನ ಗಡಿಗೆ ತನ್ನ ನೀರಿನಿಂದಲೇ ಈ ಶಾಖವನ್ನು ತೆಗೆದುಕೊಳ್ಳುವುದರಿಂದ ಒಳಗಿನ ನೀರು ತಣ್ಣಗಾಗುತ್ತದೆ. ಹೊಲದಲ್ಲಿ ಶಾಖ ಕೊಡುವವನು ಸೂರ್ಯ, ಆವಿಯನ್ನು ಹೊತ್ತೊಯ್ಯುವುದು ಗಾಳಿ. ಇಬ್ಬರಿಗೂ ಬಿಡುವಿಲ್ಲ. 1 ಹೆಕ್ಟೇರಿನಿಂದ 1 ಮಿಲಿಮೀಟರ್ ನೀರು ಹೋಯಿತೆಂದರೆ 10,000 ಲೀಟರ್ ಹೋದಂತೆ. ಎಕರೆಗೆ ಸುಮಾರು 4,000 ಲೀಟರ್.

ಮೇಲ್ಮಣ್ಣು ಹಸಿಯಾಗಿರುವವರೆಗೆ ಈ ನಷ್ಟ ವೇಗವಾಗಿ ನಡೆಯುತ್ತದೆ. ಮೇಲಿನ ಕೆಲವು ಸೆಂಟಿಮೀಟರ್ ಒಣಗಿದೊಡನೆ ವೇಗ ತಗ್ಗುತ್ತದೆ. ಕೆಳಗಿನ ನೀರು ದ್ರವವಾಗಿ ಮೇಲೇರಲಾರದೆ, ಆವಿಯಾಗಿ ಒಣಪದರದ ಸಂದುಗಳಲ್ಲಿ ನುಸುಳಬೇಕಾಗುತ್ತದೆ. ಭೂಮಿ ತಾನೇ ಹೊದಿಕೆ ಹೊದ್ದುಕೊಂಡಂತೆ. ಆದರೆ ಎರೆಮಣ್ಣಿನಲ್ಲಿ ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ಅದು ಒಣಗುತ್ತ ಕುಗ್ಗಿ ಬಿರಿಯುತ್ತದೆ. ಬಿರುಕಿನ ಗೋಡೆಗಳು ಆಳದಲ್ಲಿ ಇನ್ನೂ ಹಸಿ. ಗಾಳಿ ಒಳಹೊಕ್ಕು ಆವಿಯೊಡನೆ ಹೊರಬರುತ್ತದೆ. ಬೇರುಗಳಿಗೆಂದು ಉಳಿದಿದ್ದ ನೀರೇ ಆರಿಹೋಗುತ್ತದೆ. ಬಿರುಕು ದೊಡ್ಡದಾದಲ್ಲಿ ಬೇರುಗಳೂ ಹರಿಯುತ್ತವೆ.

ಎಡೆಕುಂಟೆಯ ಕೆಲಸ ಇಲ್ಲಿದೆ. ಬಿತ್ತಿದ 3ನೇ ವಾರದ ಸುಮಾರಿಗೆ ಮೊದಲ ಎಡೆ ಹೊಡೆದರೆ ಮೇಲೆ ಪುಡಿಮಣ್ಣಿನ ತೆಳು ಪದರ ಸಿದ್ಧವಾಗುತ್ತದೆ. 5ನೇ ವಾರದ್ದು ಬಿರುಕು ಬಾಯಿ ಬಿಡದಂತೆ ತಡೆಯುತ್ತದೆ. 8ನೇ ವಾರದ ಸುಮಾರಿನದು ಮೂಡಿದ ಬಿರುಕುಗಳನ್ನು ತುಂಬುತ್ತದೆ. ಮಣ್ಣು ತೀರಾ ಹಸಿಯಾಗಿದ್ದಾಗ ಕುಂಟೆ ಹೂಡಿದರೆ ಹೆಂಟೆಗಳೇಳುತ್ತವೆ. ಹೆಂಟೆಗಳ ನಡುವೆ ಗಾಳಿಗೆ ಮತ್ತೆ ದಾರಿ. ಮುಷ್ಟಿಯಲ್ಲಿ ಹಿಡಿದ ಮೇಲ್ಮಣ್ಣು ಅಂಟದೆ ಉದುರುವಂತಿದ್ದಾಗ ಹೂಡುವುದು ಸರಿ. ಸೊಪ್ಪೆ, ಹೊಟ್ಟು ಹೊದಿಸುವುದು ಇನ್ನೂ ಒಳ್ಳೆಯದೆಂಬುದು ನಿಜ. ಆದರೆ ಹಿಂಗಾರಿ ಜೋಳದ ನಾಡಿನಲ್ಲಿ ಸೊಪ್ಪೆಗೆ ದನಗಳೇ ಕಾದಿರುತ್ತವೆ.

ಮರಳು ಮಿಶ್ರಿತ ಕೆಂಪು ಭೂಮಿಗೆ ಇದೇ ಲೆಕ್ಕ ಹಾಕಬಾರದು. ಅದರ ಮೇಲ್ಪದರ ಬೇಗನೆ ಆರಿ ತಾನಾಗಿಯೇ ಹೊದಿಕೆಯಾಗುತ್ತದೆ, ಎರೆಯಂತೆ ಬಿರಿಯುವುದೂ ಇಲ್ಲ. ಅಲ್ಲಿ ಎಡೆ ಹೊಡೆಯುವುದರ ಮುಖ್ಯ ಲಾಭ ಕಳೆ ನಾಶ. ಅದೇನೂ ಸಣ್ಣ ಲಾಭವಲ್ಲ. ಕಳೆಯ ಬೇರು ಒಣಪದರವನ್ನು ದಾಟಿ ಕೆಳಗಿನ ನೀರನ್ನು ಹೀರಿ, ಎಲೆಗಳ ಮೂಲಕ ಆವಿಯಾಗಿ ಹೊರಹಾಕುತ್ತದೆ. ಪುಡಿಮಣ್ಣು ಎಷ್ಟೇ ಚೆನ್ನಾಗಿದ್ದರೂ ಈ ದಾರಿಯನ್ನು ಮುಚ್ಚಲಾರದು. ಆದುದರಿಂದ ಎರೆಯಲ್ಲಿಯೂ ಕುಂಟೆಗೆ ಸಿಕ್ಕದೆ ಸಾಲಿನೊಳಗೆ ಉಳಿದ ಕಳೆಯನ್ನು ಕೈಯಿಂದ ಕಿತ್ತು ತೆಗೆಯಬೇಕು.