ಅಡುಗೆಯ ಮನೆಯ ದೀಪ

ಮೂವತ್ತೆರಡು ವರ್ಷಗಳ ಕಾಲ ನಾನು ವಿದ್ಯಾರ್ಥಿಗಳಿಗೆ ದೇಹಲೀದೀಪನ್ಯಾಯವನ್ನು ಬೋಧಿಸಿದವನು. ಹೊಸ್ತಿಲ ಮೇಲಿಟ್ಟ ದೀಪವು ಒಳಮನೆಯನ್ನೂ ಹೊರಗಣ ಜಗುಲಿಯನ್ನೂ ಏಕಕಾಲದಲ್ಲಿ ಬೆಳಗುವುದಷ್ಟೆ. ದೀಪದ ಪ್ರಯೋಜನವು ಅದನ್ನಿರಿಸಿದ ಸ್ಥಾನದಲ್ಲಿದೆಯೆಂದು ಇಷ್ಟೆಲ್ಲ ಸಾರಿದವನಿಗೆ, ತನ್ನ ಮನೆಯ ಅಡುಗೆಯ ಕೋಣೆಯಲ್ಲಿ ದೀಪವು ಎಲ್ಲಿದೆಯೆಂಬುದು ಮಾತ್ರ ಕಾಣಲಿಲ್ಲ.

ಮೈಸೂರಿನ ನಮ್ಮ ಮನೆಯನ್ನು ತಂದೆಯವರು 1988ರಲ್ಲಿ ಕಟ್ಟಿಸಿದರು. ಅಂದು ಹಾಕಿಸಿದ ನಾಲ್ಕಡಿಯ ಟ್ಯೂಬ್‌ಲೈಟಿನ ತಗಡಿನ ಪಟ್ಟಿಯೇ ಕಳೆದ ವರ್ಷದವರೆಗೂ ಅಲ್ಲಿದ್ದಿತು. ಟ್ಯೂಬಿನ ಎರಡು ತುದಿಗಳೂ ಕಪ್ಪಾಗಿದ್ದುವು. ಚೋಕು ದುಂಬಿಯಂತೆ ಗುಂಯ್‌ಗುಡುತ್ತಿದ್ದಿತು. ಮಳೆಗಾಲದ ಸಂಜೆಗಳಲ್ಲಿ ಸ್ಟಾರ್ಟರನ್ನು ತಿರುಗಿಸಿ ತಿರುಗಿಸಿ ಉಪಚರಿಸಿದ ಮೇಲೆಯೇ ಬೆಳಕಿನ ದರ್ಶನ. "ಉರಿಯುತ್ತಿದೆಯಲ್ಲ, ಸಾಕು" ಎಂಬುದು ನನ್ನ ನಿತ್ಯದ ಉತ್ತರ. ಆ ದೀಪವು ಒಲೆಗೆದುರಾದ ಗೋಡೆಯ ಮೇಲೆ, ಎಂದರೆ ಅಡುಗೆ ಮಾಡುವವರ ಬೆನ್ನಿನ ಹಿಂದೆ ಇದ್ದಿತು. ಕಟ್ಟೆಯ ಮುಂದೆ ನಿಂತವರು ತಮ್ಮ ನೆರಳಿನಲ್ಲಿಯೇ ಹೆಚ್ಚಬೇಕು, ತಮ್ಮ ನೆರಳಿನಲ್ಲಿಯೇ ಅಕ್ಕಿಯ ಕಲ್ಲನ್ನಾರಿಸಬೇಕು.

ಒಂದು ಸಂಜೆ ಹುರುಳಿಕಾಯಿಯನ್ನು ಹೆಚ್ಚುವಾಗ ನಮ್ಮ ಮನೆಯವರ ಎಡಗೈಯ ಬೆರಳಿಗೆ ಚಾಕು ಆಳವಾಗಿ ತಗುಲಿತು. "ನೋಡಿಕೊಂಡು ಹೆಚ್ಚಬಾರದೆ?" ಎಂದೆ. "ನೋಡುವುದಕ್ಕೆ ಏನಾದರೂ ಕಾಣಬೇಕಲ್ಲ, ರೀ" ಎಂದರು. ಅದಕ್ಕೆ ನನ್ನಲ್ಲಿ ಪ್ರತ್ಯುತ್ತರವಿರಲಿಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆಯು ಕಿರಿದಾಗುವುದು, ಒಳಗಣ ಮಸೂರವು ಮಬ್ಬಾಗುವುದು. ಇಪ್ಪತ್ತರ ಹರೆಯದಲ್ಲಿ ಸಾಕಾಗಿದ್ದ ಬೆಳಕು ಅರುವತ್ತರ ಸಮೀಪದಲ್ಲಿ ಸಾಲದು. ದೀಪವೂ ಮುದಿಯಾಗಿ ಕಣ್ಣೂ ಮುದಿಯಾದರೆ ಕೈ ಏನು ಮಾಡೀತು?

ಅಂಗಡಿಯಲ್ಲಿ ಮೂರು ಮಾರ್ಗಗಳನ್ನು ಹೇಳಿದರು. ಹಳೆಯ ಪಟ್ಟಿಯನ್ನೇ ಉಳಿಸಿಕೊಂಡು ಎಲ್‌ಇಡಿ ಟ್ಯೂಬನ್ನು ಸಿಕ್ಕಿಸುವುದು ಒಂದು. ಆದರೆ ಬಹುಮಟ್ಟಿಗೆ ಚೋಕು, ಸ್ಟಾರ್ಟರುಗಳನ್ನು ತೆಗೆದು ತಂತಿಯನ್ನು ಬದಲಿಸಬೇಕಾಗುತ್ತದೆ. ಗೋಡೆಯ ಹೋಲ್ಡರಿಗೆ 9 ವ್ಯಾಟಿನ ಬಲ್ಬು ಇನ್ನೊಂದು. ಎಲ್ಲಕ್ಕಿಂತ ಅಗ್ಗ, ಆದರೆ ಕಟ್ಟೆಯ ಉದ್ದಕ್ಕೂ ಬೆಳಕು ಹರಡದು. ಮೂರನೆಯದು, ಪಟ್ಟಿಯೂ ದೀಪವೂ ಒಂದೇ ಆಗಿರುವ 20 ವ್ಯಾಟಿನ ಎಲ್‌ಇಡಿ ಬ್ಯಾಟನ್. ನಾನು ಇದನ್ನೇ ಕೊಂಡೆ: ಬೆಲೆ 290 ರೂಪಾಯಿ. ತಂತಿ, ಕ್ಲಿಪ್ಪುಗಳಿಗೆ 60, ವಿದ್ಯುತ್ ಕೆಲಸದವನ ಕೂಲಿ 250, ಒಟ್ಟು 600. ಹಳೆಯ ಟ್ಯೂಬು ಚೋಕಿನೊಡನೆ ಸುಮಾರು 50 ವ್ಯಾಟನ್ನು ನುಂಗುತ್ತಿದ್ದಿತು. ದಿನಕ್ಕೆ ಆರು ಗಂಟೆಯಂತೆ ತಿಂಗಳಿಗೆ ಐದು ಯೂನಿಟ್ಟಿಗೂ ಮೀರಿ ಉಳಿತಾಯ. ಯೂನಿಟ್ಟಿಗೆ 6 ರೂಪಾಯಿಯೆಂದಿಟ್ಟುಕೊಂಡರೆ ಹತ್ತೊಂಬತ್ತು ತಿಂಗಳಲ್ಲಿ ಬಂಡವಾಳವು ಮರಳುವುದು.

ವರ್ಣದ ವಿಷಯವಾಗಿಯೂ ಒಂದು ಮಾತು. ಪೆಟ್ಟಿಗೆಯ ಮೇಲೆ 6500 ಕೆಲ್ವಿನ್ ಎಂದಿದ್ದರೆ ನೀಲಿಯೊಸರುವ ಬಿಳುಪು, 3000 ಎಂದಿದ್ದರೆ ಹಳದಿ. ಒಗ್ಗರಣೆಯು ಕೆಂಪಾಯಿತೋ ಸೀದಿತೋ ತಿಳಿಯಬೇಕಾದ ಸ್ಥಳಕ್ಕೆ ನಡುವಣ 4000 ಹಿತವೆಂದು ನನ್ನ ಅಭಿಪ್ರಾಯ. ದೀಪವನ್ನು ಈ ಸಲ ಕಟ್ಟೆಯ ಮುಂದಣ ಗೋಡೆಗೆ, ತಲೆಗಿಂತ ಎತ್ತರದಲ್ಲಿ, ಒಲೆಯ ಉರಿಗೂ ನಲ್ಲಿಯ ನೀರಿಗೂ ದೂರವಾಗಿ ಹಾಕಿಸಿದೆವು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದುವು. ಬೀದಿಗೆ ಅಷ್ಟು ಬೇಗ ಬಂದ ಬೆಳಕು ಒಲೆಯ ಮುಂದೆ ಬರುವುದಕ್ಕೆ ಮಾತ್ರ ಬಹುಕಾಲ ಹಿಡಿಯಿತು. ನಮ್ಮ ಅಜ್ಜಿಯವರು ಬುಡ್ಡಿದೀಪದಲ್ಲಿಯೇ ಅಡುಗೆ ಮಾಡಿ ಮುಗಿಸಿದವರು.

ಇನ್ನು ಮುಖ್ಯವಾದ ವಿಷಯ. ಹೊಸ ದೀಪವನ್ನು ಹಾಕಿದ ರಾತ್ರಿ ನೀರು ಕುಡಿಯಲೆಂದು ಎದ್ದಾಗ, ಸ್ವಿಚ್ಚು ಆರಿಸಿದ್ದರೂ ಅದು ಮಿಣುಕುಹುಳುವಿನಂತೆ ಮಂದವಾಗಿ ಬೆಳಗುತ್ತಿದ್ದಿತು. ಸ್ವಿಚ್ಚಿನೊಳಗೆ ಪುಟ್ಟ ಸೂಚಕದೀಪವಿದ್ದರೆ ಹೀಗಾಗುವುದುಂಟಂತೆ, ನಮ್ಮದರಲ್ಲಿ ಅದಿಲ್ಲ. ಮರುದಿನ ಕೆಲಸದವನು ಟೆಸ್ಟರನ್ನಿಟ್ಟು ನೋಡಿ ಕಾರಣವನ್ನು ಹೇಳಿದ. ಮನೆ ಕಟ್ಟಿದಾಗಲೇ ಸ್ವಿಚ್ಚನ್ನು ಫೇಸ್ ತಂತಿಗೆ ಸೇರಿಸುವುದರ ಬದಲು ನ್ಯೂಟ್ರಲ್ ತಂತಿಗೆ ಸೇರಿಸಿಬಿಟ್ಟಿದ್ದರು. ಹೀಗಾದರೆ ಸ್ವಿಚ್ಚನ್ನು ಆರಿಸಿದರೂ ದೀಪದವರೆಗೆ ವಿದ್ಯುತ್ತು ಸದಾ ನಿಂತೇ ಇರುವುದು. ಹಳೆಯ ಟ್ಯೂಬಿಗೆ ಅಷ್ಟು ಅಲ್ಪವಾದ ವಿದ್ಯುತ್ತು ಸಾಲದ್ದರಿಂದ ದೋಷವು ಅಡಗಿತ್ತು. ಎಲ್‌ಇಡಿಗೆ ಅದೇ ಸಾಕಾಯಿತು.

ಪ್ರತಿ ಯುಗಾದಿಗೂ ನಮ್ಮ ಮನೆಯವರು ಸ್ವಿಚ್ಚು ಆರಿಸಿದೆನೆಂಬ ಧೈರ್ಯದಿಂದ ಸ್ಟೂಲು ಹತ್ತಿ, ಒದ್ದೆಯ ಬಟ್ಟೆಯಿಂದ ಆ ಪಟ್ಟಿಯ ಜಿಡ್ಡನ್ನೊರಸುತ್ತಿದ್ದರು. ಆ ದಿನ ನನಗೆ ಊಟವು ಸೇರಲಿಲ್ಲ. ದೀಪವನ್ನು ಮುಟ್ಟುವ ಮುನ್ನ ಸ್ವಿಚ್ಚನ್ನಲ್ಲ, ಮೈನನ್ನೇ ಆರಿಸತಕ್ಕುದೆಂದು ಈಗ ನಮ್ಮ ಮನೆಯಲ್ಲಿ ಕಟ್ಟಳೆಯಾಗಿದೆ. ಕೆಲಸದವನು ತಂತಿಗಳನ್ನು ಅದಲುಬದಲು ಮಾಡಿದ ಮೇಲೆ ಮಿಣುಕು ನಿಂತಿತು. ಉಳಿದ ಕೋಣೆಗಳ ಸ್ವಿಚ್ಚುಗಳನ್ನೂ ಪರೀಕ್ಷಿಸಿ ಇನ್ನೂ 200 ರೂಪಾಯಿ ತೆಗೆದುಕೊಂಡ. ಇದಕ್ಕಿಂತ ಸಂತೋಷದಿಂದ ನಾನು ಕೊಟ್ಟ ಹಣವು ಬೇರೊಂದಿಲ್ಲ.

ಹಳೆಯ ಟ್ಯೂಬಿನೊಳಗೆ ಪಾದರಸವಿರುವುದರಿಂದ ಅದನ್ನು ಒಡೆಯದೆ ಕಾಗದದಲ್ಲಿ ಸುತ್ತಿ ಇ-ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಒಪ್ಪಿಸಿದೆ. ಪಟ್ಟಿಗೂ ಚೋಕಿಗೂ ಸೇರಿ ಗುಜರಿಯವನು 50 ರೂಪಾಯಿ ಕೊಟ್ಟನು. ಅದನ್ನು ನಮ್ಮ ಮನೆಯವರು ನನ್ನ ಕೈಗೆ ಬರಗೊಡದೆ ತಮ್ಮ ಸಾಸಿವೆಯ ಡಬ್ಬಿಯಲ್ಲಿ ಹಾಕಿಕೊಂಡರು.