ತೂಕ ಇಳಿಸುವ ಸರ್ಜರಿ: ಎರಡನೇ ಬಾರಿ ಯಾರಿಗೆ, ಏಕೆ?

ಮುಂಬೈ: 2017ರ ಮಾರ್ಚ್‌ನಲ್ಲಿ ಈಜಿಪ್ಟ್‌ನ ಇಮಾನ್ ಅಹ್ಮದ್‌ಗೆ ಚರ್ನಿ ರೋಡ್ ಸಮೀಪದ ಸೈಫೀ ಆಸ್ಪತ್ರೆಯಲ್ಲಿ ನಡೆದದ್ದು ಸ್ಲೀವ್ ಸರ್ಜರಿ. ಇದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆಯುತ್ತಾರೆ. ವಿಪರೀತ ತೂಕ ಇರುವವರಿಗೆ ಇದು ಮೊದಲ ಹಂತವಾಗಿ, ತೂಕ ಇಳಿದ ಮೇಲೆ ಬೈಪಾಸ್ ಮಾಡುವುದೂ ಉಂಟು.

ಉಳಿದವರಿಗೆ ಎರಡನೇ ಸರ್ಜರಿ ಬೇಕಾಗಲು ಮುಖ್ಯ ಕಾರಣಗಳು ಎರಡು: ಇಳಿದ ತೂಕ ಮತ್ತೆ ಏರುವುದು, ಮಾತ್ರೆಗೂ ಬಗ್ಗದ ಎದೆಯುರಿ. ಸ್ಲೀವ್ ಬಳಿಕ ಎದೆಯುರಿ ಕಾಡಿದರೆ ಸಾಮಾನ್ಯವಾಗಿ ಬೈಪಾಸ್‌ಗೆ ಬದಲಿಸುತ್ತಾರೆ.

ಆದರೆ ತೂಕ ಏರಿದ ಕೂಡಲೇ ಆಪರೇಷನ್ ಮಾಡುವುದಿಲ್ಲ. ಜಠರ ಹಿಗ್ಗಿದೆಯೇ, ಊಟದ ಕ್ರಮ ತಪ್ಪಿದೆಯೇ ಎಂದು ಎಂಡೋಸ್ಕೋಪಿ, ಬೇರಿಯಂ ಎಕ್ಸ್‌ರೇ, ಆಹಾರ ತಜ್ಞರ ವಿಚಾರಣೆಯಿಂದ ಮೊದಲು ತಿಳಿಯಬೇಕು. ಹಳೆಯ ಗಾಯದಿಂದ ಒಳಗಿನ ಅಂಗಗಳು ಅಂಟಿಕೊಂಡಿರಬಹುದಾದ್ದರಿಂದ ಸೋರಿಕೆ, ರಕ್ತಸ್ರಾವದ ಅಪಾಯ ಮೊದಲ ಸಲಕ್ಕಿಂತ ಹೆಚ್ಚು. ಹಾಗಾಗಿ ಮೊದಲ ಸರ್ಜರಿಯ ದಾಖಲೆಗಳನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸುವುದು ಅಗತ್ಯ.